ಮನೆ ಹಾಲ್‌ನಲ್ಲಿ ಗುರು-ಶಿಷ್ಯರ ಕಚೇರಿ: ಏರ್ಪಾಟು ಹೀಗಿರಲಿ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಹಾಲ್‌ನಲ್ಲಿ ಒತ್ತಿ ಕೂತರೆ ನಲವತ್ತು ಜನ ಹಿಡಿಸುತ್ತಾರೆ. ವರ್ಷಕ್ಕೊಮ್ಮೆ ಅಲ್ಲೊಂದು ಕರ್ನಾಟಕ ಸಂಗೀತ ಕಚೇರಿ ಇಡುತ್ತೇನೆ, ಮೈಕಿಲ್ಲದೆ. ವಾಗ್ಗೇಯಕಾರರು, ಅಂದರೆ ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಕಟ್ಟಿದವರು, ಮತ್ತು ಅವರಿಗೆ ಪಾಠ ಹೇಳಿದವರು, ಇಬ್ಬರ ರಚನೆಗಳೂ ಅಕ್ಕಪಕ್ಕದಲ್ಲಿ. "ನಮ್ಮನೇಲೂ ಮಾಡಬೇಕು, ಹೇಗೆ ಶುರು ಮಾಡೋದು ಮೇಡಂ?" ಅಂತ ಕೇಳುವವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಪರಂಪರೆಯನ್ನು ಗೊತ್ತುಮಾಡಿಕೊಳ್ಳಿ, ಕಲಾವಿದರನ್ನು ಆಮೇಲೆ. ಒಂದು ಸಂಜೆಗೆ ಒಂದೇ ಪರಂಪರೆ ಸಾಕು. ಎಲ್ಲರನ್ನೂ ಮೆಚ್ಚಿಸಲು ಒಂದು ದೇವರನಾಮ, ಒಂದು ದೀಕ್ಷಿತರ ಕೃತಿ, ಒಂದು ಜಾವಳಿ ಎಂದು ಸೇರಿಸುತ್ತಾ ಹೋದರೆ ಅದು ಗಣೇಶನ ಹಬ್ಬದ ಪೆಂಡಾಲಿನ ಕಾರ್ಯಕ್ರಮವೇ ಆಗುತ್ತದೆ. ನಮ್ಮ ಪುಣ್ಯಕ್ಕೆ ತಿರುವಯ್ಯಾರಿನ ತ್ಯಾಗರಾಜರಿಂದ (1767–1847) ಮೈಸೂರಿಗೆ ಎರಡು ಕವಲು ಬಂದಿವೆ. ಒಂದು, ಮಾನಂಬುಚಾವಡಿ ವೆಂಕಟಸುಬ್ಬಯ್ಯರ್, ಅವರ ಶಿಷ್ಯ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ಅವರ ಶಿಷ್ಯ ನಮ್ಮ ಮೈಸೂರು ವಾಸುದೇವಾಚಾರ್ಯರು. ಇನ್ನೊಂದು, ವಾಲಾಜಾಪೇಟೆ ವೆಂಕಟರಮಣ ಭಾಗವತರು, ಅವರಿಂದ ಮೈಸೂರು ಸದಾಶಿವರಾಯರು, ಅವರಲ್ಲಿ ಹಾಡುಗಾರಿಕೆ ಕಲಿತ ವೀಣೆ ಶೇಷಣ್ಣನವರು (1852–1926). ಹಾಡುಗಾರರನ್ನು ಕರೆಯುವುದಾದರೆ ಮೊದಲ ಕವಲು ಹಿಡಿಯಿರಿ. ಎರಡನೆಯದು ವೀಣೆಗೇ ಹೇಳಿ ಮಾಡಿಸಿದ್ದು. ಕೊನೆಗೆ ಶೇಷಣ್ಣನವರ ಝಂಜೂಟಿ ರಾಗದ ತಿಲ್ಲಾನ (ಲಯವೇ ಮುಖ್ಯವಾದ ಚುರುಕಿನ ರಚನೆ) ಇಟ್ಟುಬಿಟ್ಟರೆ ಮತ್ತೆ ಮಂಗಳಕ್ಕೆ ಮಾತ್ರ ಜಾಗ.

ಈಗ ಮೊದಲ ಕವಲಿನ ಪಟ್ಟಿ. ನಿಜವಾದ ಕೆಲಸ ಇರುವುದು ಇಲ್ಲೇ, ಇದಕ್ಕೆ ಪುರುಸೊತ್ತು ಮಾಡಿಕೊಳ್ಳಿ.

ಹಂಸಧ್ವನಿ ರಾಗದ 'ಜಲಜಾಕ್ಷಿ' ವರ್ಣದಿಂದ ಶುರು ಮಾಡಿ; ವರ್ಣ ಎಂದರೆ ಕಚೇರಿಯ ಮೊದಲಿಗೆ ಹಾಡುವ ರಚನೆ. ಪಾಠಕ್ಕೆ ಹೋದ ಪ್ರತಿ ಮಗುವಿಗೂ ಅದು ಬಾಯಿಪಾಠ, ಆದರೆ ಅದು ಮಾನಂಬುಚಾವಡಿಯವರದು ಎನ್ನುವುದು ಎಷ್ಟು ಜನಕ್ಕೆ ನೆನಪಿದೆ? ಅದರ ಬೆನ್ನಿಗೇ ಅದೇ ರಾಗದಲ್ಲಿ ಅವರ ಗುರು ತ್ಯಾಗರಾಜರ 'ರಘುನಾಯಕ' ಬರಲಿ. ಕಲಾವಿದರು ಇಲ್ಲಿ ಖಂಡಿತ ತಕರಾರು ತೆಗೆಯುತ್ತಾರೆ: "ಒಂದೇ ರಾಗ ಎರಡು ಸಲ ಹಾಡೋದಿಲ್ಲಮ್ಮ, ಪದ್ಧತಿ ಅಲ್ಲ." ಪದ್ಧತಿ ಅಲ್ಲ ನಿಜ. ಎರಡು ಗಂಟೆಯ ಸಭಾ ಕಚೇರಿಗೆ ಆ ಪದ್ಧತಿ ಸರಿ. ಇಲ್ಲಿ ಮಾತ್ರ ಬಿಟ್ಟುಕೊಡಬೇಡಿ. ಶಿಷ್ಯರು ರಾಗವನ್ನು ಹೇಗೆ ನಡೆಸಿದರು, ಗುರುಗಳು ಹೇಗೆ ನಡೆಸಿದ್ದರು ಎಂಬುದು ಎರಡೂ ಒಟ್ಟಿಗೆ ಕೇಳಿದಾಗಲೇ ಕಿವಿಗೆ ಹತ್ತುವುದು. ನಡುವೆ ನಾಟ, ಕಲ್ಯಾಣಿ ಬಂದರೆ ಆ ಎಳೆ ತಪ್ಪಿತು.

ಮೂರನೆಯದು ಪಟ್ಣಂ ಅವರ 'ರಘುವಂಶಸುಧಾ', ಕದನಕುತೂಹಲ. ನಾಲ್ಕನೆಯದು ಆಚಾರ್ಯರ 'ಬ್ರೋಚೇವಾರೆವರುರಾ', ಖಮಾಚ್. ಎರಡೂ ಆದಿತಾಳ, ಎರಡಕ್ಕೂ ಚಿಟ್ಟೆಸ್ವರ, ಅಂದರೆ ಮೊದಲೇ ಕಟ್ಟಿಟ್ಟ ಸ್ವರಗುಚ್ಛ, ಇದೆ. ರಾಗ ಬೇರೆಯಾದರೂ ಕುಣಿಯುವ ಆ ನಡೆಯಲ್ಲಿ ಗುರುವಿನ ಗುರುತು ಕಾಣುತ್ತದೆ. ಆಚಾರ್ಯರನ್ನು (1865–1961) ತಿರುವಯ್ಯಾರಿಗೆ ಪಟ್ಣಂ ಅವರ ಹತ್ತಿರ ಕಳಿಸಿದವರು ಚಾಮರಾಜ ಒಡೆಯರು. ಮುಂದೆ ಅದೇ ಆಚಾರ್ಯರ ಮಾರ್ಗದರ್ಶನದಲ್ಲಿ ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ (ರಚನೆಕಾರರು ಸಾಹಿತ್ಯದೊಳಗೇ ಇಡುವ ಸಹಿ) ಕೃತಿಗಳನ್ನು ರಚಿಸಿದರು. ಹಾಗಾಗಿ ಐದನೆಯದು ಒಡೆಯರ ಗಂಭೀರನಾಟ, 'ಶ್ರೀ ಜಾಲಂಧರ'. ಅರಮನೆ ಕೊಟ್ಟ ಸಾಲ ಅರಮನೆಗೇ ತೀರಿದಂತಾಯಿತು!

ಕಲಾವಿದರಿಗೆ ಮೊದಲೇ ಹೇಳಿಡಬೇಕಾದ ಮಾತೊಂದಿದೆ: ಚರಣ ನುಂಗಬೇಡಿ. ಹೊತ್ತು ಸಾಲದು ಎನಿಸಿದರೆ ಪಲ್ಲವಿ, ಅನುಪಲ್ಲವಿ ಹಾಡಿ ಸ್ವರಕ್ಕೆ ಹಾರುವವರಿದ್ದಾರೆ. ಅಂಕಿತ ಬರುವುದು ಚರಣದಲ್ಲಿ. 'ಬ್ರೋಚೇವಾ'ದ ಕೊನೆಯಲ್ಲಿ ಗಜರಾಜನನ್ನು ಕಾಯ್ದ ವಾಸುದೇವ ನೀನೇ ಅಲ್ಲವೇ ಎಂದು ಬರುತ್ತದಲ್ಲ, ದೇವರ ಹೆಸರೂ ಅದೇ, ಬರೆದವರ ಸಹಿಯೂ ಅದೇ. ಅದು ಕೇಳಿಸದಿದ್ದರೆ ಇಂಥ ಕಚೇರಿ ಯಾಕೆ ಬೇಕು?

ಭಾಷಣ ಬೇಡ. ಮುಖ್ಯ ಅತಿಥಿ, ಶಾಲು, ಹಾರ, ನೆನಪಿನ ಕಾಣಿಕೆ ಯಾವುದೂ ಬೇಡ. ಯಾರು ಯಾರಿಗೆ ಗುರು, ಯಾವ ಕೃತಿ, ಯಾವ ರಾಗ ಎಂದು ಅರ್ಧ ಹಾಳೆಯಲ್ಲಿ ಜೆರಾಕ್ಸ್ ಮಾಡಿ ಬಾಗಿಲಲ್ಲೇ ಕೊಡಿ. ಅಕ್ಷರ ದೊಡ್ಡದಿರಲಿ, ಬರುವವರಲ್ಲಿ ಮುಕ್ಕಾಲು ಪಾಲು ಕನ್ನಡಕದವರು.

ಪಾಶ್ಚಾತ್ಯ ಸಂಗೀತ ನುಡಿಸುವ ಮಕ್ಕಳು ನಿಮ್ಮ ಬೀದಿಯಲ್ಲಿದ್ದರೆ ಇದೇ ಉಪಾಯ ಅಲ್ಲಿಗೂ ಹೊಂದುತ್ತದೆ. ರಾವೆಲ್ ನಾಲ್ಕು ತಂತಿವಾದ್ಯಗಳಿಗೆ ಬರೆದ ತನ್ನ ಸ್ಟ್ರಿಂಗ್ ಕ್ವಾರ್ಟೆಟ್ಟನ್ನು ಅರ್ಪಿಸಿದ್ದು ಗುರು ಫೋರೆಗೆ. ಬೀಥೋವನ್‌ನ ಎರಡನೇ ಓಪಸ್ಸಿನ (ಕೃತಿಗಳ ಕ್ರಮಸಂಖ್ಯೆ) ಮೂರು ಪಿಯಾನೊ ಸೊನಾಟಾಗಳು ಹೈಡನ್‌ಗೆ ಅರ್ಪಿತ. ನಾಲ್ಕು ಜನ ವಾದಕರನ್ನು ಮೈಸೂರಿನಲ್ಲಿ ಹೊಂದಿಸುವುದು ಕಷ್ಟ, ಪಿಯಾನೊ ಕಲಿತ ಒಂದು ಹುಡುಗಿ ಸಿಕ್ಕರೆ ಹೈಡನ್‌ನದೊಂದು, ಬೀಥೋವನ್‌ನದೊಂದು ನುಡಿಸಿಸಿ. ನಮ್ಮ ಜಯಚಾಮರಾಜ ಒಡೆಯರೂ ಪಿಯಾನೊ ಕಲಿತವರೇ. ರಷ್ಯದ ಮೆಡ್ನರ್ ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ್ದಾನೆ.

ಇನ್ನು ಕೋಣೆ. ಮೈಕಿಲ್ಲದ ಕಚೇರಿಯ ಶತ್ರು ಫ್ಯಾನು. ಅದು ತಿರುಗುತ್ತಿದ್ದರೆ ತಂಬೂರಿಯ ಗುಂಯ್‌ಗುಡುವಿಕೆ ಕರಗಿಹೋಗುತ್ತದೆ. ಅದಕ್ಕೇ ಮಾರ್ಚ್, ಏಪ್ರಿಲ್ ಬೇಡ. ಡಿಸೆಂಬರ್, ಜನವರಿಯ ಭಾನುವಾರ ನಾಲ್ಕೂವರೆ ಒಳ್ಳೆಯ ಹೊತ್ತು. ಫ್ರಿಜ್ಜು, ಯುಪಿಎಸ್ಸು, ಕಾಲಿಂಗ್ ಬೆಲ್ ಮೂರನ್ನೂ ಆರಿಸಿ. ಪಕ್ಕದ ಮನೆಯವರನ್ನು ಕಚೇರಿಗೇ ಕರೆದುಬಿಡಿ, ಕುಕ್ಕರ್ ಕೂಗುವುದಿಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬದಲು ನಿಜವಾದ ತಂಬೂರಿ ತರಿಸಿ, ಮೀಟಲು ಒಬ್ಬ ಶಿಷ್ಯೆಯನ್ನು ಕೂರಿಸಿ. ತಂತಿಯಡಿ ಇಡುವ ಜೀವದ ನೂಲನ್ನು ಅವಳು ಕೂದಲೆಳೆಯಷ್ಟು ಆಚೀಚೆ ಸರಿಸಿದಾಗ ಒಂದು ಕ್ಷಣಕ್ಕೆ ನಾದ ತೆರೆದುಕೊಳ್ಳುತ್ತದೆ. ಮುಂದಿನ ಸಾಲಿನವರಿಗೆ ಅದು ಕಾಣುವಂತೆ ಜಮಖಾನ ಹಾಸಿ, ಮಂಡಿ ನೋವಿನವರಿಗೆ ಹಿಂದೆ ಕುರ್ಚಿ.

ಮೃದಂಗದವರಿಗೆ ಹಾಡುಗಾರರ ಶ್ರುತಿ ಮೊದಲೇ ತಿಳಿಸಿ. ಐದೂವರೆ ಮನೆ ಶ್ರುತಿಯ (ಮನೆ ಎಂದರೆ ಶ್ರುತಿಯ ಮಟ್ಟ) ವಾದ್ಯ ತಂದವರಿಗೆ ಒಂದಕ್ಕೆ ಏರಿಸು ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಎಡಗಡೆಗೆ ರವೆ ಕಲಸಿ ಹಚ್ಚಲು ಒಂದು ಲೋಟ ನೀರು, ಕೈ ಒರೆಸಲು ಹಳೇ ಬಟ್ಟೆ ಸಿದ್ಧವಿರಲಿ. ತನಿ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಭಾಗ, ಒಂದೇ ಕಡೆ, 'ಬ್ರೋಚೇವಾ' ಆದ ಮೇಲೆ. ಆಗ ಎದ್ದು ಕಾಫಿ ಕಡೆ ಹೋಗುವವರನ್ನು ತಡೆಯಲು ನನಗೆ ಕಂಡ ದಾರಿ, ಅಡುಗೆಮನೆ ಬಾಗಿಲು ಹಾಕಿಡುವುದು.

ತಿಂಡಿಗೆ ಉಪ್ಪಿಟ್ಟು, ಕೇಸರಿಬಾತು ಸಾಕು. ಸಂಭಾವನೆಯ ಕವರನ್ನು ತಾಂಬೂಲದ ಜೊತೆ ಕಾಫಿಗೆ ಮುಂಚೆಯೇ ಕೊಟ್ಟುಬಿಡಿ, ಆಟೋ ಖರ್ಚು ಬೇರೆ. ವೀಣೆಯವರಾದರೆ ಕಾರು ಕಳಿಸಿ. ವೀಣೆಗೆ ಹಿಂದಿನ ಸೀಟು ಪೂರ್ತಿ ಬೇಕು, ಅದೇ ದಾರಿಯಲ್ಲಿ ಹೋಗುವ ನಿಮ್ಮ ನೆಂಟರನ್ನು ಅದಕ್ಕೇ ತುರುಕಬೇಡಿ.