ಸಹಜ ಕುಟುಂಬ ಯೋಜನೆ: ಚಾರ್ಟ್ ಬರೆಯುವುದು ಹೇಗೆ, ಎಡವುವುದು ಎಲ್ಲಿ?

ಮುಟ್ಟಿನ ತಾರೀಕು ನೋಡಿ ದಿನ ಎಣಿಸುವುದು ಹಳೆಯ ಲೆಕ್ಕ. ಚಕ್ರ ನಾಲ್ಕು ದಿನ ಹಿಂದೆ ಮುಂದೆ ಆದರೆ ಆ ಲೆಕ್ಕ ಕೈಕೊಡುತ್ತದೆ. ಕಥೋಲಿಕ ಚರ್ಚು ಮದುವೆಗೆ ಮುಂಚಿನ ತರಬೇತಿಯಲ್ಲಿ ಹೇಳಿಕೊಡುವ ಸಹಜ ವಿಧಾನ ಬೇರೆಯದೇ. ಇಲ್ಲಿ ಎಣಿಸುವುದಕ್ಕಿಂತ ದೇಹವನ್ನು ಗಮನಿಸುವುದು ಮುಖ್ಯ. ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ರೂಪಿಸಿದ, ಗರ್ಭಕಂಠದಿಂದ ಬರುವ ಲೋಳೆ ನೋಡುವ ಕ್ರಮಕ್ಕೆ ಬೆಳಗಿನ ಮೈ ಶಾಖದ ಲೆಕ್ಕವನ್ನೂ ಸೇರಿಸಿಕೊಂಡರೆ ಭರವಸೆ ಹೆಚ್ಚು.

ಅಂಡಾಣು ಬದುಕುವುದು ಹೆಚ್ಚೆಂದರೆ 24 ಗಂಟೆ. ವೀರ್ಯಾಣು ಮಾತ್ರ ಒಳ್ಳೆಯ ಲೋಳೆ ಸಿಕ್ಕರೆ ಐದು ದಿನದವರೆಗೂ ಉಳಿಯುತ್ತದೆ. ಹಾಗಾಗಿ ಕಣ್ಣಿಡಬೇಕಾದ್ದು ಲೋಳೆಯ ಮೇಲೆ.

ಬೇಕಾದ್ದು ಒಂದು ನೋಟ್‌ಬುಕ್, ಒಂದು ಡಿಜಿಟಲ್ ಥರ್ಮಾಮೀಟರ್. ಫ್ಯಾರನ್‌ಹೀಟ್ ತೋರಿಸುವುದನ್ನೇ ಕೊಳ್ಳಿ. ಒಂದೇ ದಶಾಂಶ ತೋರಿಸುವ ಸೆಲ್ಸಿಯಸ್‌ಗಿಂತ ಅದರ ಅಳತೆ ಸೂಕ್ಷ್ಮ. ಮುಟ್ಟಾದ ದಿನವೇ ಒಂದನೇ ದಿನ. ಹಗಲೆಲ್ಲ ಓಡಾಡುವಾಗ ಕೆಳಗೆ ಒಣಗಿದಂತಿದೆಯೇ, ಒದ್ದೆಯೇ, ಜಾರುತ್ತಿದೆಯೇ ಎಂದು ಹೆಂಡತಿ ಗಮನಿಸಬೇಕು. ಮೂತ್ರಕ್ಕೆ ಹೋಗುವ ಮುನ್ನ ಒರೆಸಿ ನೋಡಬೇಕು. ಒಳಗೆ ಬೆರಳು ಹಾಕಿ ನೋಡಬೇಕಾಗಿಲ್ಲ. ರಾತ್ರಿ ಮಲಗುವ ಮುನ್ನ ಆ ದಿನ ಕಂಡದ್ದರಲ್ಲಿ ಅತಿ ಹೆಚ್ಚು ಜಾರಿದ್ದನ್ನೇ ಬರೆಯಬೇಕು. ಬರೆಯುವವನು ಗಂಡನಾದರೆ ಒಳ್ಳೆಯದು. ಕೇಳಿ ಬರೆದವನಿಗೆ 'ಇವತ್ತು ಬೇಡ' ಎಂದು ಬಿಡಿಸಿ ಹೇಳಬೇಕಾಗುವುದಿಲ್ಲ. ಕಲಿಯುವ ಮೊದಲ ಎರಡರಿಂದ ನಾಲ್ಕು ವಾರ ಸೇರದೇ ಇರಬೇಕು. ಇಲ್ಲದಿದ್ದರೆ ವೀರ್ಯ ಯಾವುದು, ಲೋಳೆ ಯಾವುದು ಎಂದು ಗೊತ್ತಾಗುವುದಿಲ್ಲ. ಮುಂದೆಯೂ ಮುಟ್ಟಿನ ನಂತರದ ಒಣ ದಿನಗಳಲ್ಲಿ ದಿನ ಬಿಟ್ಟು ದಿನ, ಅದೂ ರಾತ್ರಿ ಮಾತ್ರ ಎಂಬ ನಿಯಮ ಇರುವುದು ಇದೇ ಕಾರಣಕ್ಕೆ.

ಶಾಖ ನೋಡುವುದು ಎಚ್ಚರವಾದ ಕೂಡಲೇ, ಹಾಸಿಗೆಯಲ್ಲೇ, ಬಾಯಿಯಲ್ಲಿ, ದಿನವೂ ಒಂದೇ ಹೊತ್ತಿಗೆ. ಒಲೆ ಹಚ್ಚಿ ಬಂದ ಮೇಲೆ ನೋಡಿದರೆ ಪ್ರಯೋಜನವಿಲ್ಲ. ನೋಡುವ ಮುನ್ನ ಮೂರು ಗಂಟೆಯಾದರೂ ನಿದ್ದೆಯಾಗಿರಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಫಿ ಹೂಬಿಡಿಸುವ ಹೂಮಳೆ ಕೈಕೊಟ್ಟ ವರ್ಷ ರಾತ್ರಿಯಿಡೀ ಸ್ಪ್ರಿಂಕ್ಲರ್ ಓಡುತ್ತದೆ. ಪೈಪ್ ಬದಲಿಸಲು ಗಂಡ ಎದ್ದಾಗಲೆಲ್ಲ ಹೆಂಡತಿಗೂ ಎಚ್ಚರ. ಅಂಥ ಬೆಳಗಿನ ಅಂಕಿಯ ಸುತ್ತ ವೃತ್ತ ಎಳೆದು 'ನಿದ್ದೆ ಇಲ್ಲ' ಎಂದು ಬರೆಯಿರಿ, ಲೆಕ್ಕಕ್ಕೆ ಹಿಡಿಯಬೇಡಿ. ಜ್ವರ ಬಂದ ದಿನವೂ ಅಷ್ಟೆ.

ಒಂದು ಉದಾಹರಣೆ: 1ರಿಂದ 5 ಮುಟ್ಟು. 6ರಿಂದ 9 ಒಣ. 10ಕ್ಕೆ ಅಂಟಂಟು. ಬದಲಾವಣೆ ಕಂಡ ಆ ದಿನದಿಂದಲೇ ಸೇರುವುದನ್ನು ನಿಲ್ಲಿಸಬೇಕು. 13, 14, 15ಕ್ಕೆ ಹಸಿ ಮೊಟ್ಟೆಯ ಬಿಳಿಯಂತೆ ಎಳೆದರೆ ಹಿಗ್ಗುವ ಲೋಳೆ, ಜಾರು. 16ಕ್ಕೆ ಜಾರು ಇಲ್ಲ. ಹಾಗಾದರೆ ಶಿಖರದ ದಿನ 15. ಕಡೆಯ ಜಾರಿನ ದಿನವೇ ಶಿಖರ, ಲೋಳೆ ಹೆಚ್ಚು ಕಂಡ ದಿನವಲ್ಲ. ಮಾರನೆಯ ದಿನ ಹಿಂತಿರುಗಿ ನೋಡಿದಾಗಲೇ ಅದು ತಿಳಿಯುವುದು. ಹೆಚ್ಚಿನವರು ಎಡವುವುದು ಇಲ್ಲೇ. 16, 17, 18 ಕಾಯಬೇಕು. ಶಾಖ 11ರಿಂದ 16ರವರೆಗೆ 97.4 ದಾಟದೆ, 17ಕ್ಕೆ 97.7, 18ಕ್ಕೆ 97.8, 19ಕ್ಕೆ 97.9 ಆಯಿತೆನ್ನಿ. ಹಿಂದಿನ ಆರು ದಿನಗಳ ಗರಿಷ್ಠವನ್ನು ಸತತ ಮೂರು ದಿನ ಮೀರಿದೆ, ಮೂರನೆಯದು 0.4ಕ್ಕಿಂತ ಹೆಚ್ಚೇ ಮೇಲಿದೆ. ಎರಡು ಲೆಕ್ಕದಲ್ಲಿ ಯಾವುದು ತಡವೋ ಅದನ್ನೇ ಹಿಡಿಯಿರಿ: ಇಲ್ಲಿ 19ರ ಸಂಜೆ. ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಗರ್ಭ ನಿಲ್ಲುವ ಸಂಭವ ತೀರಾ ಕಡಿಮೆ. ಮಗು ಬೇಕಾದವರಿಗೆ ಇದೇ ಚಾರ್ಟ್ 13ರಿಂದ 15 ಎಂದು ತೋರಿಸುತ್ತದೆ.

ಎರಡೂ ಲಕ್ಷಣ ನೋಡಿ ಚಾಚೂ ತಪ್ಪದೆ ನಡೆದರೆ ವರ್ಷಕ್ಕೆ ನೂರು ಹೆಂಗಸರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ ಬಸಿರು ನಿಲ್ಲಬಹುದು. ಮನೆಮಂದಿ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಸಹಜ ವಿಧಾನಗಳೆಲ್ಲ ಸೇರಿ ಈ ಸಂಖ್ಯೆ 2ರಿಂದ 23. ಮಧ್ಯದ ಅಂತರಕ್ಕೆ ವಿಧಾನಗಳ ವ್ಯತ್ಯಾಸದ ಜೊತೆಗೆ 'ಒಂದು ದಿನ ತಾನೆ' ಎಂಬುದೂ ಕಾರಣ.

ಇನ್ನು ಧರ್ಮದ ಮಾತು. 1951ರ ಅಕ್ಟೋಬರ್ 29ರಂದು ಸೂಲಗಿತ್ತಿಯರನ್ನು ಉದ್ದೇಶಿಸಿ ಪೋಪ್ ಹನ್ನೆರಡನೇ ಪಿಯುಸ್ ಆಡಿದ ಮಾತನ್ನು 1968ರ ಜುಲೈ 25ರ 'ಹ್ಯುಮಾನೆ ವೀಟೆ' ಪತ್ರದಲ್ಲಿ ಪೋಪ್ ಆರನೇ ಪೌಲ್ ಖಚಿತಪಡಿಸಿದರು: ತಕ್ಕ ಕಾರಣವಿದ್ದರೆ ಫಲವಿಲ್ಲದ ದಿನಗಳಲ್ಲಷ್ಟೇ ಸೇರುವುದು ತಪ್ಪಲ್ಲ. ಸೇರದೇ ಇರುವುದು ಬೇರೆ, ಸೇರಿಯೂ ಅದರ ಫಲವನ್ನು ಕೆಡಿಸುವುದು ಬೇರೆ ಎಂಬುದು ಧರ್ಮಸಭೆಯ ನಿಲುವು. ಆದ್ದರಿಂದ ಜಾರಿನ ದಿನಗಳಿಗೆ ಕಾಂಡೋಮ್, ಉಳಿದ ದಿನಗಳಿಗೆ ಚಾರ್ಟ್ ಎಂಬ ಬೆರಕೆಗೂ, ಹೊರಗೆ ಬಿಡುವುದಕ್ಕೂ ಒಪ್ಪಿಗೆಯಿಲ್ಲ. ತಾಯಿಯ ಆರೋಗ್ಯ, ಮನಸ್ಸಿನ ಸ್ಥಿತಿ, ಹಣದ ಮುಗ್ಗಟ್ಟು, ಮನೆಯ ಪರಿಸ್ಥಿತಿ ಇವು ಕಾರಣಗಳಾಗಬಹುದು. ಕಾಫಿಗೆ ಬೆಲೆ ಕುಸಿದು ಸಾಲ ತೀರದಿರುವುದು ಕಾರಣ; ಹೊಸ ಕಾರಿನ ಕಂತು ಕಾರಣವೇ ಎಂಬುದನ್ನು ಇಬ್ಬರೂ ಕೂತು ಯೋಚಿಸಬೇಕು. ಫಾದರ್ ಚೀಟಿ ಬರೆದುಕೊಡುವ ವಿಷಯ ಇದಲ್ಲ. ಹೆಂಡತಿಯ ಸ್ಥಿತಿಗತಿ ನೋಡದೆ ಅವಳ ಮೇಲೆ ಹೇರಿದ ಕೂಡಿಕೆ ಪ್ರೀತಿಯಲ್ಲ ಎಂದೂ ಅದೇ ಪತ್ರ ಹೇಳುತ್ತದೆ. ಕುಡಿದು ಬಂದು ಚಾರ್ಟ್ ಪಕ್ಕಕ್ಕೆ ತಳ್ಳುವವರಿಗೆ ಈ ಸಾಲನ್ನು ಓದಿ ಹೇಳಬೇಕು.

ಬಾಣಂತಿಯರಿಗೆ: ಮಗುವಿಗೆ ಆರು ತಿಂಗಳಾಗಿರಬಾರದು, ಹಗಲೂ ರಾತ್ರಿ ಎದೆಹಾಲು ಮಾತ್ರ ಕುಡಿಯುತ್ತಿರಬೇಕು, ಮುಟ್ಟು ಮರಳಿರಬಾರದು. ಮೂರೂ ಇದ್ದರೆ ನೂರಕ್ಕೆ ಸುಮಾರು 98 ಪಾಲು ರಕ್ಷಣೆ. ಒಂದು ತಪ್ಪಿದರೂ ಚಾರ್ಟ್ ಹಿಡಿಯಿರಿ.

ಒಡೆದ ಮೊಸರಿನಂಥ ಸ್ರಾವ, ತುರಿಕೆ, ಕೆಟ್ಟ ವಾಸನೆ ಇದ್ದರೆ ಅದು ಲೋಳೆಯಲ್ಲ, ಸೋಂಕು. ಮೊದಲು ವೈದ್ಯರಲ್ಲಿಗೆ ಹೋಗಿ, ಹೋಗುವಾಗ ನೋಟ್‌ಬುಕ್ ಜೊತೆಗಿರಲಿ. ಕಡೆಯ ಮುಟ್ಟು ಯಾವತ್ತು ಎಂದು ಅವರು ಕೇಳಿಯೇ ಕೇಳುತ್ತಾರೆ.