ಅಕ್ಷರ ಕೊನೆಗೂ ಎದ್ದು ನಿಂತಿತು

ರಾಜ್ಯೋತ್ಸವಕ್ಕೆ 60 ಟೀ ಶರ್ಟ್ ಸ್ಕ್ರೀನ್ ಪ್ರಿಂಟ್ ಮಾಡುವ ಆರ್ಡರ್ ಬಂದಿತ್ತು. ಅಕ್ಷರ ಕೈಗೆ ತಾಗಬೇಕು, ಅಂಚು ಚಾಕುವಿನಲ್ಲಿ ಕೊಯ್ದ ಹಾಗಿರಬೇಕು ಅಂದಿದ್ದರು. ಪಫ್ ಇಂಕ್ ಆಗದು. ಅದು ಬಿಸಿಗೆ ಪೂರಿ ಥರ ಉಬ್ಬಿ ಅಂಚು ದುಂಡಗಾಗುತ್ತದೆ. ಹೈ ಡೆನ್ಸಿಟಿ ಪ್ಲಾಸ್ಟಿಸಾಲ್, ಅಂದರೆ ದಪ್ಪಗೆ ಕೂರುವ ಪ್ಲಾಸ್ಟಿಕ್ ಇಂಕ್ ತಂದೆ. ಹಾಕಿದರೆ ಚಪ್ಪಟೆ! ಮೂರು ಸಲ ಸ್ಕ್ವೀಜಿ (ಇಂಕ್ ಒತ್ತುವ ರಬ್ಬರ್ ಪಟ್ಟಿ) ಎಳೆದೆ. ಇಂಕ್ ಹರಡಿ ಒತ್ತಕ್ಷರಗಳೆಲ್ಲ ಮುದ್ದೆಯಾದವು.

ತಪ್ಪು ಇಂಕಿನದಲ್ಲ, ಸ್ಕ್ರೀನಿನದು. ಇಲ್ಲಿ ಸ್ಕ್ರೀನಿನ ಜಾಲರಿ ಮೇಲಿನ ಸ್ಟೆನ್ಸಿಲ್ಲೇ (ಅಕ್ಷರದ ಜಾಗ ಬಿಟ್ಟು ಉಳಿದದ್ದನ್ನು ಮುಚ್ಚುವ ಪದರ) ಅಚ್ಚು. ಅದು ಎಷ್ಟು ದಪ್ಪವೋ ಅಕ್ಷರ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಅದಕ್ಕೆ ನಾನು ಸುಮ್ನೆ ಎರಡು ಕೋಟ್ ಎಮಲ್ಷನ್ (ಬೆಳಕಿಗೆ ಗಟ್ಟಿಯಾಗುವ ದ್ರವ) ಬಳಿದಿದ್ದೆ.

ಈ ಸಲ 80 ಮೆಶ್ (ಇಂಚಿಗೆ 80 ಎಳೆ) ಸ್ಕ್ರೀನಿಗೆ 200 ಮೈಕ್ರಾನ್ ದಪ್ಪದ ಕ್ಯಾಪಿಲರಿ ಫಿಲ್ಮ್, ಅಂದರೆ ಎಮಲ್ಷನ್ನಿನದೇ ಸಿದ್ಧ ಹಾಳೆ, ಅಂಟಿಸಿದೆ. ರಾತ್ರಿಯಿಡೀ ಫ್ಯಾನ್ ಕೆಳಗಿಟ್ಟೆ. ಸರಿಯಾಗಿ ಒಣಗದೆ ಹಿಂದಿನ ಪ್ಲಾಸ್ಟಿಕ್ ಹಾಳೆ ಕಿತ್ತರೆ ಫಿಲ್ಮೂ ಜೊತೆಗೇ ಬಂದುಬಿಡುತ್ತದೆ. ಮೊದಲನೇದು ಬೆಳಕಿಗೆ ಒಡ್ಡಿ ತೊಳೆಯುವಾಗ ಲೋಳೆಯಾಗಿ ಜಾರಿಹೋಯಿತು. ದಪ್ಪ ಫಿಲ್ಮಿನ ಒಳಗೆ ಬೆಳಕು ಇಳಿದಿರಲಿಲ್ಲ, ಅಷ್ಟೇ. ನನ್ನ ಲೈಟಿಗೆ ಮಾಮೂಲಿಗಿಂತ ಐದು ಪಟ್ಟು ಹೊತ್ತು ಬೇಕಾಯಿತು. ನಿಮ್ಮದಕ್ಕೆ ಬೇರೆಯೇ ಇರಬಹುದು, ತುಂಡು ಫಿಲ್ಮಿನಲ್ಲಿ ನೋಡಿಕೊಳ್ಳಿ.

ಸ್ಕ್ವೀಜಿ ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಸ್ಟೆನ್ಸಿಲ್ ಪೂರ್ತಿ ತುಂಬುವುದಿಲ್ಲ.

ಕೊನೆಗೆ ಕ್ಯೂರಿಂಗ್, ಅಂದರೆ ಇಂಕನ್ನು ಬಿಸಿಯಲ್ಲಿ ಗಟ್ಟಿ ಮಾಡುವ ಕೆಲಸ, ಕೈಕೊಟ್ಟಿತು. ಮೇಲೆ ಗಟ್ಟಿ, ಒಳಗೆ ಹಸಿ. ಬಟ್ಟೆ ಎಳೆದು ನೋಡಿದೆ, ಅಕ್ಷರ ಬಿರುಕು ಬಿಟ್ಟಿತು. ಉರಿ ಜಾಸ್ತಿ ಮಾಡಲಿಲ್ಲ, ಶರ್ಟ್ ಸಾಗಿಸುವ ಡ್ರೈಯರ್ ಬೆಲ್ಟ್ ನಿಧಾನ ಮಾಡಿದೆ. ಇಂಕ್ ಡಬ್ಬದ ಮೇಲೆ ಬರೆದಿದ್ದ 160 ಡಿಗ್ರಿ ಇಂಕಿನ ತಳದವರೆಗೂ ಇಳಿಯಬೇಕಲ್ವಾ?

ಮಾರನೇ ದಿನ ಕಣ್ಣು ಮುಚ್ಚಿ ಬೆರಳಾಡಿಸಿದೆ. ‘ಕನ್ನಡ’ದ ಒತ್ತು ಕೂಡ ಬೆರಳಿಗೆ ಸಿಕ್ಕಿತು.