ಒಂಟಿ ರಕ್ತ ತಪಾಸಣಿ ಮಾಡಸೂದು ಹೆಂಗ, ರಿಪೋರ್ಟ್ ಓದೂದು ಹೆಂಗ

ವಿಜಯಪುರ ಕಡೆ ಒಣ ಹವಾ, ಬೇಕಾದಷ್ಟು ಜಾಲಿ ಮುಳ್ಳು, ಅಲ್ಲಿ ಒಂಟಿಗೆ ಅಷ್ಟೇನ್ ತ್ರಾಸ ಇಲ್ರಿ. ಬೆಳಗಾವ್ಯಾಗ ಜೂನ್ ಬಂತಂದ್ರ ಜಿಟಿಜಿಟಿ ಮಳಿ, ರಾಡಿ, ಕಚ್ಚೋ ನೊಣ, ಅದಕ್ಕ ಮಳಿಗಾಲದ ಮುಂಚೆ ಒಮ್ಮೆ, ಮುಗದ ಮ್ಯಾಲ ಒಮ್ಮೆ ರಕ್ತ ತಗಸ್ರಿ.

ತಗ್ಯೂದು ಡಾಕ್ಟರ್ ಕೆಲಸ, ಒಂಟಿ ಸುಮ್ನ ಕೂಡ್ಸೂದು ನಿಮ್ದು. ಮುಂಗಾಲು ಮಡಚಿ ಕಟ್ಟಿ ಕೂಡಸ್ರಿ, ಜಗ್ಗಾಡಿ ಹಿಡದ್ರ ಸಿಪಿಕೆ (ಸ್ನಾಯುವಿಗೆ ಪೆಟ್ಟಾದ್ರ ರಕ್ತಕ್ಕ ಬರೋ ಕಿಣ್ವ) ಏರಿ ಇಲ್ಲದ ಸ್ನಾಯು ರೋಗ ರಿಪೋರ್ಟ್‌ನ್ಯಾಗ ಕಾಣತೈತಿ. ಕುತ್ತಗಿ ನರದಿಂದ ತಗೀತಾರ. ನೇರಳೆ ಮುಚ್ಚಳದ ಟ್ಯೂಬ್ ರಕ್ತಕಣಕ್ಕ, ಕೆಂಪಂದು ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮ್ಯಾಲ ಉಳಿಯೋ ತಿಳಿ ನೀರು), ಬೂದಿ ಬಣ್ಣದ್ದು ಶುಗರ್‌ಗೆ. ಸೀರಮ್ ಬ್ಯಾರೆ ಮಾಡ್ದೆ ಹಂಗ ಬಸ್ಸಿನ್ಯಾಗ ಕುಲುಕಾಡ್ಕೋತ ಕಳಿಸಿದ್ರ ಕಣ ಒಡದು ಪೊಟ್ಯಾಶಿಯಮ್ ಸುಳ್ಳ ಏರತೈತಿ, ಶುಗರ್ ಇಳೀತೈತಿ.

ಚೀಟಿ ಮ್ಯಾಲ ಒಂಟಿ ಅಂತ ದೊಡ್ಡದಾಗಿ ಬರಸ್ರಿ, ಇದು ಮುಖ್ಯ. ಒಂಟಿ ಕೆಂಪುಕಣ ಸಣ್ಣೂ, ಮೊಟ್ಟಿ ಆಕಾರದೂ, ಆಕಳಿಗೆ ಸೆಟ್ ಮಾಡಿದ ಮಷೀನ್ ತಪ್ಪ ಎಣಸಬಹುದು. ಶುಗರೂ ಹಂಗ. ಆಕಳದ್ದು ಸುಮಾರು 45ರಿಂದ 75 (ಮಿ.ಗ್ರಾಂ/ಡೆಸಿಲೀಟರ್) ಇದ್ರ ಒಂಟಿದು 100 ದಾಟಿದ್ರೂ ಮಾಮೂಲಿ, ಆಕಳ ಲೆಕ್ಕದಾಗ ನೋಡಿ ನಮ್ಮ ಒಂಟಿಗೆ ಸಕ್ಕರಿ ಕಾಯಿಲೆ ಬಂತು ಅಂತ ಗಾಬರಿ ಆಗಬ್ಯಾಡ್ರಿ. ಕಿಡ್ನಿ ಹೊರಗ ಹಾಕೋ ಕಸ ಯೂರಿಯಾ, ಕ್ರಿಯಾಟಿನಿನ್ ಎರಡೂ ಏರಿದ್ರ ಮೊದ್ಲು ನೀರು ಕುಡದೈತೋ ಇಲ್ಲೋ ನೋಡ್ರಿ, ಆಮ್ಯಾಲ ಕಿಡ್ನಿ ಮಾತು.

ನಿಜವಾಗಿ ಹೆದರಬೇಕಾದ್ದು ಸರ್ರಾ ರೋಗಕ್ಕ. ಕಚ್ಚೋ ದೊಡ್ಡ ನೊಣದಿಂದ ಬರೋ ಪರಾವಲಂಬಿ ಜೀವಿಯಿಂದ ಆಗೂದು ಅದು, ಜ್ವರ ಬಂದು ಹೋಗಿ ಬಂದು ಹೋಗಿ ಮಾಡತೈತಿ, ಡುಬ್ಬ ಇಳೀತೈತಿ, ರಕ್ತ ಕಡಿಮಿ ಆಗತೈತಿ. ಜ್ವರ ಇದ್ದಾಗನ ಸ್ಲೈಡ್ (ಗಾಜಿನ ಮ್ಯಾಲ ರಕ್ತ ಹಚ್ಚಿ ಸೂಕ್ಷ್ಮದರ್ಶಕದಾಗ ನೋಡೂದು) ಮಾಡಸ್ರಿ, ಇಲ್ಲಂದ್ರ ಹುಳ ಕಾಣೂದು ಕಷ್ಟ, ಒಂದು ಸಲ ಕಾಣಲಿಲ್ಲಂತ ರೋಗ ಇಲ್ಲ ಅನಬ್ಯಾಡ್ರಿ. ಒಂಟಿ ಮೈ ಶಾಖ ಮುಂಜಾನೆ ಕಡಿಮಿ ಸಂಜಿಗೆ ಹೆಚ್ಚು ಇರತೈತಿ, ನೀರಿಲ್ಲದಾಗಂತೂ 34ರಿಂದ 40 ಡಿಗ್ರಿ ಸೆಲ್ಸಿಯಸ್ ತನಕ ಆಡತೈತಿ, ಹಂಗಾಗಿ ದಿನಾ ಒಂದ ಹೊತ್ತಿಗೆ ಥರ್ಮಾಮೀಟರ್ ಇಟ್ಟು ಬರಕೋರಿ.

ಸರ್ರಾ ಅಂತ ಗೊತ್ತಾದ್ರ ಆಕಳಿಗೆ ಕೊಡೋ ಡಿಮಿನಾಜಿನ್ ಇಂಜೆಕ್ಷನ್ ಒಂಟಿಗೆ ಹಾಕಸಬ್ಯಾಡ್ರಿ, ಒಂಟಿಗೆ ಅದು ವಿಷ ಆಗಬಹುದು. ಅದರ ಬದ್ಲಿ ಕ್ವಿನಾಪೈರಮಿನ್ ಔಷಧಿ ಕೇಳ್ರಿ, ತೂಕ ಅಂದಾಜು ಮಾಡಿ ಡೋಸ್ ಡಾಕ್ಟರೇ ಹೇಳ್ಲಿ.

ಉಪ್ಪು ಆಕಳಿಗಿಂತ ಬಾಳ ಜಾಸ್ತಿ ಬೇಕ್ರಿ, ಮುಂದ ಉಪ್ಪಿನ ಗಡ್ಡಿ ಇಟ್ಟಬಿಡ್ರಿ, ಮಳಿ ನೀರು ಬೀಳದ ಕಡೆ. ಮತ್ತ ಕೋಳಿ ಫೀಡ್ ಉಳದೈತಂತ ಒಂಟಿಗೆ ಹಾಕಬ್ಯಾಡ್ರಿ, ಅದರಾಗ ಮೊನೆನ್ಸಿನ್ನೋ ಸಾಲಿನೊಮೈಸಿನ್ನೋ ಅನ್ನೋ ಕೋಳಿ ಔಷಧಿ ಇದ್ರ ಒಂಟಿ ಸಾಯತೈತಿ, ಯಾವ ರಿಪೋರ್ಟೂ ಕೆಲಸಕ್ಕ ಬರಂಗಿಲ್ಲ.